ಡೆಬಿಯನ್ ಸರ್ವರಿನ ಹೋಸ್ಟ್‌ನೇಮ್ ಬದಲಿಸಬೇಕು, ಎರಡು ಮಷಿನ್‌ಗೂ ಒಂದೇ ಹೆಸರು ಕೂತಿದೆ

ಗದಗ ಪ್ರೆಸ್:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಪೋಸ್ಟರ್, ಇಂಥ ಕೆಲಸ. ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ 12 ಲಿನಕ್ಸ್, ವಿಂಡೋಸ್ ಕಂಪ್ಯೂಟರುಗಳ ಜೊತೆ ಫೈಲ್ ಹಂಚಿಕೊಳ್ಳೋಕೆ ಸಾಂಬಾ ಹಾಕಿ ಡಿಸೈನ್ ಫೈಲ್ ಎಲ್ಲ ಅದರಲ್ಲೇ ಇಟ್ಟಿದ್ದೇವೆ. ಇನ್‌ಸ್ಟಾಲ್ ಮಾಡುವಾಗ ಹೋಸ್ಟ್‌ನೇಮ್, ಅಂದರೆ ನೆಟ್‌ವರ್ಕಿನಲ್ಲಿ ಮಷಿನಿನ ಹೆಸರು, ಏನು ಅಂತ ಕೇಳಿತು. ಅಲ್ಲಿ ಮೊದಲೇ ಡೆಬಿಯನ್ ಅಂತ ಬರೆದಿತ್ತು. ನಾನು ಎಂಟರ್ ಒತ್ತಿದೆ.

ವರ್ಷ ಆದ ಮೇಲೆ ಇನ್ನೊಂದು ಮಷಿನ್ ಸಿಕ್ಕಿತು. ಮತ್ತೆ ಮೊದಲಿಂದ ಯಾಕೆ ಮಾಡೋದು ಅಂತ ಕ್ಲೋನ್‌ಜಿಲ್ಲಾದಲ್ಲಿ ಮೊದಲನೇದರ ಡಿಸ್ಕ್ ಪೂರ್ತಿ ಎರಡನೇದಕ್ಕೆ ಇಳಿಸಿದೆ. ಐಪಿ ಬದಲಿಸಿದೆ, ಫೈಲ್ ಅಳಿಸಿದೆ, ಲೆಕ್ಕಪತ್ರದ ಸ್ಕ್ಯಾನ್‌ಗಳಿಗೆ ಅದನ್ನು ಇಟ್ಟೆ. ಹೆಸರಿನ ನೆನಪೇ ಬರಲಿಲ್ಲ. ದಿನಾ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತದೆ. ಫೈಲ್ ನಕಲಿಸುವ ಆರ್‌ಸಿಂಕ್, ಜೊತೆಗೆ ಡಿಲೀಟ್ ಆಪ್ಷನ್. ಬ್ಯಾಕಪ್ ಡಿಸ್ಕಿನಲ್ಲಿ ಯಾವ ಫೋಲ್ಡರಿಗೆ ಬರೆಯಬೇಕು ಅನ್ನೋದನ್ನ ಅದು ಹೋಸ್ಟ್‌ನೇಮ್ ನೋಡಿ ತಿಳಿಯುತ್ತದೆ. ನಿಮಗೆ ಇಷ್ಟರಲ್ಲೇ ಗೊತ್ತಾಗಿರುತ್ತದೆ. ಒಂದು ಗಂಟೆಗೆ ಮೊದಲನೇದು ಬರೆಯುತ್ತದೆ, ಮೂರು ಗಂಟೆಗೆ ಎರಡನೇದು ಅದೇ ಫೋಲ್ಡರಿಗೆ ಹೋಗಿ, ತನ್ನ ಹತ್ತಿರ ಇಲ್ಲದ್ದನ್ನೆಲ್ಲ ಅಳಿಸಿ, ತನ್ನದನ್ನ ಇಡುತ್ತದೆ. ದಿನಾ ಬೆಳಿಗ್ಗೆ ಬ್ಯಾಕಪ್ ಸರಿಯಾಗಿ ಆಗಿದೆ ಅಂತಲೇ ಲಾಗ್‌ನಲ್ಲಿ ಇರುತ್ತಿತ್ತು.

ಕಳೆದ ವಾರ ನಮ್ಮ ಹುಡುಗ ಕೈತಪ್ಪಿ ಲಗ್ನಪತ್ರಿಕೆ ಫೋಲ್ಡರ್ ಅಳಿಸಿದ. ಬ್ಯಾಕಪ್ ತೆಗೆದು ನೋಡಿದರೆ ಬರೀ ಸ್ಕ್ಯಾನ್ ಮಾಡಿದ ಬಿಲ್ಲುಗಳು. ಎರಡು ಸೀಸನ್‌ನ ಡಿಸೈನ್ ಹೋಯಿತು. ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಪಿಡಿಎಫ್ ಹುಡುಕಿ ಹುಡುಕಿ ಒಂದಷ್ಟು ಮತ್ತೆ ಕೂಡಿಸಿಕೊಂಡಿದ್ದೇವೆ.

ಈಗ ಹೆಸರು ಬದಲಿಸಬೇಕು. ಹೋಸ್ಟ್‌ನೇಮ್ ಅನ್ನೋ ಕಮಾಂಡಿಗೆ ಹೊಸ ಹೆಸರು ಕೊಟ್ಟೆ. ಬದಲಾಯಿತು. ಆದರೆ ಅಲ್ಲಿಂದ ಪ್ರತಿ ಸಲ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಕೊಟ್ಟಾಗ ಈ ಹೋಸ್ಟ್ ಸಿಗುತ್ತಿಲ್ಲ ಅಂತ ಎಚ್ಚರಿಕೆ ಬರತೊಡಗಿತು, ಸುಡೊ ಕೂಡ ನಿಧಾನ ಆಯಿತು. ರೀಬೂಟ್ ಮಾಡಿದರೆ ಮತ್ತೆ ಹಳೇ ಹೆಸರೇ. ಸರಿಯಾದ ದಾರಿ ಯಾವುದು?

ಮೈಸೂರು ಶೆಲ್:
ಫೈಲ್ ಹೋಗಿದ್ದು ಓದಿ ಬೇಜಾರಾಯಿತು ಸರ್. ಹೆಸರಿನ ಕೆಲಸ ಕಷ್ಟದ್ದಲ್ಲ, ಮೊದಲು ಅದನ್ನ ಮುಗಿಸೋಣ. ಕಮಾಂಡುಗಳನ್ನ ಓದೋಕೆ ಅನುಕೂಲ ಅಂತ ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ನೀವು ಕೊಟ್ಟ ಹೋಸ್ಟ್‌ನೇಮ್ ಕಮಾಂಡ್ ಈಗ ಓಡುತ್ತಿರುವ ಕರ್ನಲ್‌ಗೆ, ಅಂದರೆ ಸಿಸ್ಟಂನ ತಿರುಳಿಗೆ, ಮಾತ್ರ ಹೆಸರು ಹೇಳುತ್ತದೆ. ಡಿಸ್ಕಿನಲ್ಲಿ ಏನೂ ಬರೆಯೋದಿಲ್ಲ. ಬೂಟ್ ಆಗುವಾಗ ಸಿಸ್ಟಂ ನೋಡೋದು ಇಟಿಸಿ ಫೋಲ್ಡರಿನಲ್ಲಿರುವ ಹೋಸ್ಟ್‌ನೇಮ್ ಅನ್ನೋ ಒಂದೇ ಸಾಲಿನ ಫೈಲನ್ನ. ಅದರಲ್ಲಿ ಹಳೇ ಹೆಸರೇ ಇತ್ತು, ಹಾಗಾಗಿ ಅದೇ ವಾಪಸ್ ಬಂತು. ಎರಡೂ ಕಡೆ ಒಟ್ಟಿಗೆ ಬದಲಾಗಬೇಕು ಅಂದರೆ ಸುಡೊ, ಹೋಸ್ಟ್‌ನೇಮ್‌ಸಿಟಿಎಲ್, ಸೆಟ್ ಹೈಫನ್ ಹೋಸ್ಟ್‌ನೇಮ್, ಆಮೇಲೆ ಹೊಸ ಹೆಸರು. ರೀಬೂಟ್ ಬೇಕಾಗಿಲ್ಲ. ಆದರೆ ನಿಮ್ಮ ಪ್ರಾಂಪ್ಟ್‌ನಲ್ಲಿ ಹಳೇ ಹೆಸರೇ ಕಾಣುತ್ತಿರುತ್ತದೆ, ಯಾಕಂದ್ರೆ ನಿಮ್ಮ ಕಮಾಂಡ್ ಓದುವ ಬ್ಯಾಶ್ ಶುರುವಾದಾಗ ಓದಿದ ಹೆಸರನ್ನೇ ಇಟ್ಟುಕೊಂಡಿರುತ್ತದೆ. ಲಾಗೌಟ್ ಆಗಿ ಮತ್ತೆ ಬನ್ನಿ.

ಈಗ ಆ ಸುಡೊ ಎಚ್ಚರಿಕೆ. ಹೋಸ್ಟ್‌ನೇಮ್‌ಸಿಟಿಎಲ್ ಇಟಿಸಿಯ ಹೋಸ್ಟ್ಸ್ ಫೈಲನ್ನ ಮುಟ್ಟೋದಿಲ್ಲ. ಕೊನೆಯಲ್ಲಿ ಎಸ್ ಇರುವ ಫೈಲ್, ಇದು ಬೇರೆ. ಅದರಲ್ಲಿ 127.0.1.1 ಅಂತ ಒಂದು ಸಾಲು ಇದೆ, ಮುಂದೆ ಡೆಬಿಯನ್ ಅಂತ ಇದೆ. ಹೊಸ ಹೆಸರಿನ ಮಷಿನ್ ತನ್ನ ಹೆಸರನ್ನೇ ಆ ಫೈಲಿನಲ್ಲಿ ಹುಡುಕುತ್ತದೆ, ಸಿಗೋದಿಲ್ಲ, ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಸರ್ವರಿಗೆ ಕೇಳುತ್ತದೆ, ಅದಕ್ಕೂ ಗೊತ್ತಿಲ್ಲ. ಡಿಎನ್‌ಎಸ್ ಉತ್ತರವೇ ಕೊಡದಿದ್ದರೆ ಸಾಮಾನ್ಯವಾಗಿ ಒಂದೊಂದು ಪ್ರಯತ್ನಕ್ಕೆ 5 ಸೆಕೆಂಡ್ ಕಾಯುತ್ತದೆ. ನಿಮ್ಮ ಸುಡೊ ನಿಧಾನ ಆಗಿದ್ದು ಬಹುಶಃ ಇದರಿಂದಲೇ. ಆ ಸಾಲಿನಲ್ಲಿ ಹೆಸರು ಬದಲಿಸಿದರೆ ಸಾಕು.

ಇನ್ನೊಂದು. 127.0.1.1 ಅನ್ನೋದು ಕಾಯಂ ಐಪಿ ಇಲ್ಲದ ಮಷಿನ್‌ಗಳಿಗೆ ಡೆಬಿಯನ್ ಮಾಡಿಕೊಂಡ ಏರ್ಪಾಡು. ನಿಮ್ಮದು ಸರ್ವರ್, ಐಪಿ ಕಾಯಂ ಇದೆ. ಅದರ ಬದಲು ನಿಮ್ಮ ನಿಜವಾದ ಐಪಿಯನ್ನೇ ಹಾಕಿ. ಮೊದಲು ಐಪಿ, ಆಮೇಲೆ ಡಾಟ್ ಇರುವ ಪೂರ್ತಿ ಹೆಸರು, ಆಮೇಲೆ ಚಿಕ್ಕ ಹೆಸರು. ಈ ಕ್ರಮ ಮುಖ್ಯ, ತಿರುಗಿಸಬೇಡಿ. ಹೋಸ್ಟ್‌ನೇಮ್ ಹೈಫನ್ ಎಫ್ ಕೊಟ್ಟಾಗ ಬರುವುದು ಮೊದಲು ಬರೆದ ಹೆಸರು.

ತೀರ್ಥಹಳ್ಳಿ ಮಳೆ:
ಮೈಸೂರು ಶೆಲ್ ಹೇಳಿದ್ದು ಪೂರ್ತಿ ಸರಿ. ಆದರೆ ಗದಗದ ಸರ್, ಈಗಲೇ ಕಮಾಂಡ್ ಕೊಡಬೇಡಿ. ಹೆಸರು ಬದಲಿಸೋಕೆ ಒಂದು ನಿಮಿಷ ಸಾಕು. ಹಳೇ ಹೆಸರನ್ನ ಯಾರ್ಯಾರು ನೆನಪಿಟ್ಟುಕೊಂಡಿದ್ದಾರೆ ಅಂತ ಹುಡುಕೋದೇ ನಿಜವಾದ ಕೆಲಸ. ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಅಂಥದ್ದರಲ್ಲಿ ಒಂದು ಅಷ್ಟೇ.

ನನಗಾದದ್ದು ಹೇಳುತ್ತೇನೆ. ನಾನು ಮುಂಚೆ ಇದ್ದ ಆಫೀಸಿನಲ್ಲಿ ಒಂದು ಸರ್ವರಿನಲ್ಲಿ ಮೆಸೇಜ್‌ಗಳನ್ನ ಸಾಲಿನಲ್ಲಿಟ್ಟು ಮುಂದೆ ಕಳಿಸುವ ರ‍್ಯಾಬಿಟ್‌ಎಂಕ್ಯೂ ಓಡುತ್ತಿತ್ತು. ಆರ್ಡರ್ ಎಲ್ಲ ಅದರ ಕ್ಯೂಗಳಲ್ಲಿ ಬಂದು ನಿಂತು ಮುಂದೆ ಹೋಗುತ್ತಿದ್ದವು. ಸರ್ವರಿನ ಹೆಸರು ಬರೀ ಉಬುಂಟು ಅಂತ ಇತ್ತು. ಲಾಗ್ ಒಂದೇ ಕಡೆ ಸೇರಿಸುವಾಗ ಯಾವುದು ಯಾವುದರದ್ದು ಅಂತ ತಿಳಿಯುತ್ತಿರಲಿಲ್ಲ, ಅದಕ್ಕೆ ಒಳ್ಳೇ ಹೆಸರು ಕೊಡೋಣ ಅಂದುಕೊಂಡೆ. ಸಂಜೆ ಏಳಕ್ಕೆ ಹೋಸ್ಟ್‌ನೇಮ್‌ಸಿಟಿಎಲ್ ಕೊಟ್ಟೆ, ಹೋಸ್ಟ್ಸ್ ಫೈಲ್ ತಿದ್ದಿದೆ, ರೀಬೂಟ್ ಮಾಡಿದೆ. ಸರ್ವಿಸ್ ಆರಾಮಾಗಿ ಎದ್ದಿತು, ಹಸಿರು ಚುಕ್ಕಿ, ಒಂದು ಎರರ್ ಇಲ್ಲ. ಒಳಗೆ ಹೋಗಿ ನೋಡಿದರೆ ಒಂದು ಕ್ಯೂ ಇಲ್ಲ, ಒಬ್ಬ ಯೂಸರ್ ಇಲ್ಲ. ಅದರ ಜೊತೆ ಬರುವ ಗೆಸ್ಟ್ ಅಕೌಂಟ್ ಒಂದೇ. ನನ್ನ ಕೈ ತಣ್ಣಗಾಯಿತು.

ಆಗಿದ್ದಿಷ್ಟು. ರ‍್ಯಾಬಿಟ್‌ಎಂಕ್ಯೂ ತನ್ನ ನೋಡ್‌ಗೆ ರ‍್ಯಾಬಿಟ್ ಅಟ್ ಹೋಸ್ಟ್‌ನೇಮ್ ಅಂತ ಹೆಸರಿಟ್ಟುಕೊಳ್ಳುತ್ತದೆ. ಡೇಟಾ ಇಡುವ ಫೋಲ್ಡರಿಗೂ ಅದೇ ಹೆಸರು. ಹೋಸ್ಟ್‌ನೇಮ್ ಬದಲಾದರೆ ಅದರ ಲೆಕ್ಕಕ್ಕೆ ಇದು ಹೊಸ ನೋಡ್, ಹೊಸ ಫೋಲ್ಡರ್ ಮಾಡಿಕೊಂಡು ಖಾಲಿಯಾಗಿ ಶುರುವಾಗುತ್ತದೆ. ಹಳೇ ಡೇಟಾ ಪಕ್ಕದ ಫೋಲ್ಡರಿನಲ್ಲೇ ಭದ್ರವಾಗಿ ಕೂತಿತ್ತು. ಹಳೇ ಹೆಸರು ವಾಪಸ್ ಕೊಟ್ಟ ಮೇಲೆ ಎಲ್ಲ ಬಂತು. ಆದರೆ ಅದು ಹೊಳೆಯೋಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಆ ಮುಕ್ಕಾಲು ಗಂಟೆ ಇವತ್ತಿಗೂ ಮರೆತಿಲ್ಲ. ಮುಂದಿನ ವಾರ ಕ್ಯೂಗಳು ಖಾಲಿಯಾಗುವ ತನಕ ಕಾದು, ಡೆಫಿನಿಷನ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಹೆಸರು ಬದಲಿಸಿ, ಮತ್ತೆ ಇಂಪೋರ್ಟ್ ಮಾಡಿದೆ. ಎಕ್ಸ್‌ಪೋರ್ಟ್‌ನಲ್ಲಿ ಯೂಸರ್ ಮತ್ತು ಕ್ಯೂಗಳ ವಿವರ ಬರುತ್ತದೆ, ಒಳಗಿನ ಮೆಸೇಜ್ ಬರೋದಿಲ್ಲ. ಅದಕ್ಕೇ ಖಾಲಿಯಾಗುವ ತನಕ ಕಾಯಬೇಕು.

ಹಾಗಾಗಿ ಮೊದಲು ಇಟಿಸಿ ಫೋಲ್ಡರಿನಲ್ಲಿ ಹಳೇ ಹೆಸರಿಗಾಗಿ ಗ್ರೆಪ್ (ಫೈಲುಗಳ ಒಳಗೆ ಪದ ಹುಡುಕುವ ಕಮಾಂಡ್) ಮಾಡಿ. ನಿಮ್ಮ ಹೆಸರು ಡೆಬಿಯನ್ ಅಂತಲೇ ಇರುವುದರಿಂದ ಸಂಬಂಧ ಇಲ್ಲದ್ದೆಲ್ಲ ನೂರಾರು ಸಾಲು ಬರುತ್ತವೆ. ತಾಳ್ಮೆಯಿಂದ ನೋಡಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್, ನಿಮ್ಮ ಸ್ಕ್ರಿಪ್ಟುಗಳು, ಸಾಂಬಾ, ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಇದ್ದರೆ ಅದರ ಮೈಹೋಸ್ಟ್‌ನೇಮ್ ಸಾಲು.

ಹುಬ್ಬಳ್ಳಿ ಲ್ಯಾಬ್:
ಸಾಂಬಾ ಬಗ್ಗೆ ಒಂದು ಮಾತು, ಇದು ನಾಳೆ ಬೆಳಿಗ್ಗೆ ನಿಮಗೆ ತೊಂದರೆ ಕೊಡುತ್ತದೆ. ಕಾನ್ಫಿಗ್‌ನಲ್ಲಿ ನೆಟ್‌ಬಯಾಸ್ ನೇಮ್ (ವಿಂಡೋಸ್ ನೆಟ್‌ವರ್ಕಿಗೆ ಕಾಣುವ ಹೆಸರು) ಅಂತ ಬೇರೆ ಕೊಟ್ಟಿಲ್ಲದಿದ್ದರೆ ಸಾಂಬಾ ಹೋಸ್ಟ್‌ನೇಮನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಡಿಸೈನರುಗಳ ವಿಂಡೋಸ್ ಕಂಪ್ಯೂಟರಿನಲ್ಲಿ ಡ್ರೈವ್ ಹಳೇ ಹೆಸರಿಗೆ ಮ್ಯಾಪ್ ಆಗಿದ್ದರೆ ಬೆಳಿಗ್ಗೆ ಕೆಂಪು ಗುರುತು ಬಿದ್ದಿರುತ್ತದೆ. ಕೋರೆಲ್‌ಡ್ರಾ ಫೈಲ್ ಒಳಗೆ ಲಿಂಕ್ ಮಾಡಿದ ಫೋಟೋಗಳಿದ್ದರೆ ಅವೂ ಸಿಗೋದಿಲ್ಲ. ಇದಕ್ಕೆ ಸುಲಭ ದಾರಿ ಇದೆ. ಮೊದಲನೇ ಮಷಿನಿನ ಸಾಂಬಾ ಕಾನ್ಫಿಗ್‌ನಲ್ಲಿ ಗ್ಲೋಬಲ್ ಭಾಗದಲ್ಲಿ ನೆಟ್‌ಬಯಾಸ್ ಏಲಿಯಾಸಸ್ ಅಂತ ಹಳೇ ಹೆಸರು ಕೊಟ್ಟುಬಿಡಿ. ಹೊಸದು, ಹಳೇದು ಎರಡಕ್ಕೂ ಓಗೊಡುತ್ತದೆ. ನಿಧಾನಕ್ಕೆ ಒಂದೊಂದೇ ಕಂಪ್ಯೂಟರಿನಲ್ಲಿ ಹೊಸ ಹೆಸರಿಗೆ ಮ್ಯಾಪ್ ಮಾಡಿ ಆಮೇಲೆ ತೆಗೆಯಿರಿ. ಎರಡನೇ ಮಷಿನಿನಲ್ಲಿ ಈ ಸಾಲು ಹಾಕಬೇಡಿ. ಮತ್ತೆ ನೆಟ್‌ಬಯಾಸ್ ಹೆಸರು 15 ಅಕ್ಷರ ದಾಟುವಂತಿಲ್ಲ, ಉದ್ದ ಹೆಸರಿಡಬೇಡಿ.

ಕ್ಲೋನ್ ಮಾಡಿದ್ದೀರಿ ಅಂದಿರಲ್ಲ, ಹೆಸರು ಒಂದೇ ಅಲ್ಲ, ಇನ್ನೂ ಎರಡು ವಸ್ತು ಜೋಡಿಯಾಗಿವೆ. ಒಂದು ಇಟಿಸಿಯಲ್ಲಿನ ಮಷಿನ್ ಐಡಿ, ಪ್ರತಿ ಮಷಿನಿಗೂ ಬೇರೆ ಬೇರೆ ಇರಬೇಕಾದ ಗುರುತು. ಉಬುಂಟು ಸರ್ವರ್ ಕ್ಲೋನ್ ಮಾಡಿದವರಿಗೆ ಎರಡು ಮಷಿನಿಗೂ ರೂಟರ್ ಒಂದೇ ಐಪಿ ಕೊಡೋದು ಇದರಿಂದಲೇ. ಇನ್ನೊಂದು ಎಸ್‌ಎಸ್‌ಎಚ್ ಹೋಸ್ಟ್ ಕೀ, ದೂರದಿಂದ ಲಾಗಿನ್ ಆಗುವಾಗ ಮಷಿನ್ ತನ್ನ ಗುರುತು ತೋರಿಸೋದು ಇದರಿಂದ. ಎರಡಕ್ಕೂ ಒಂದೇ ಕೀ ಇದ್ದರೆ ಒಂದರ ಬದಲು ಇನ್ನೊಂದಕ್ಕೆ ಲಾಗಿನ್ ಆದರೂ ಎಚ್ಚರಿಕೆ ಬರೋದಿಲ್ಲ. ಎರಡನೇ ಮಷಿನಿನಲ್ಲಿ ಮಷಿನ್ ಐಡಿ ಫೈಲನ್ನ ಖಾಲಿ ಮಾಡಿ ರೀಬೂಟ್ ಮಾಡಿ, ಹೊಸದು ತಾನೇ ಹುಟ್ಟುತ್ತದೆ. ಎಸ್‌ಎಸ್‌ಎಚ್ ಫೋಲ್ಡರಿನ ಹಳೇ ಹೋಸ್ಟ್ ಕೀಗಳನ್ನ ಅಳಿಸಿ, ಡಿಪಿಕೆಜಿ ಹೈಫನ್ ರಿಕಾನ್ಫಿಗರ್ ಓಪನ್‌ಎಸ್‌ಎಸ್‌ಎಚ್ ಹೈಫನ್ ಸರ್ವರ್ ಕೊಡಿ. ಇದನ್ನ ಮಷಿನ್ ಮುಂದೆ ಕೂತು, ಕೀಬೋರ್ಡ್ ಹಚ್ಚಿ ಮಾಡಿ. ದೂರದಿಂದ ಬೇಡ.

ಕ್ಲೌಡ್ ಹೊಸಬ:
ನನ್ನದೂ ಇಂಥದ್ದೇ ಸಮಸ್ಯೆ, ಇಲ್ಲೇ ಕೇಳುತ್ತೇನೆ. ಬಾಡಿಗೆಗೆ ತೆಗೆದುಕೊಂಡ ಕ್ಲೌಡ್ ಸರ್ವರ್, ಉಬುಂಟು. ಹೋಸ್ಟ್‌ನೇಮ್‌ಸಿಟಿಎಲ್ ಕೊಟ್ಟರೂ ರೀಬೂಟ್ ಆದ ಮೇಲೆ ಐಪಿ ಥರ ಇರುವ ಉದ್ದ ಹೆಸರು ಮತ್ತೆ ಬರುತ್ತದೆ. ಹೋಸ್ಟ್ಸ್ ಫೈಲೂ ಹಳೇದಾಗುತ್ತದೆ.

ಮೈಸೂರು ಶೆಲ್:
ಅದು ಕ್ಲೌಡ್ ಇನಿಟ್ ಕೆಲಸ. ಬೂಟ್ ಆಗುವಾಗ ಅದು ಕಂಪನಿಯ ಕಡೆಯಿಂದ ಬಂದ ಹೆಸರನ್ನ ನೋಡಿ ಹಾಕುತ್ತದೆ. ಇಟಿಸಿಯೊಳಗೆ ಕ್ಲೌಡ್ ಅಂತ ಫೋಲ್ಡರ್ ಇದೆ, ಅದರಲ್ಲಿ ಕ್ಲೌಡ್ ಡಾಟ್ ಸಿಎಫ್‌ಜಿ. ಅಲ್ಲಿ ಪ್ರಿಸರ್ವ್ ಅಂಡರ್‌ಸ್ಕೋರ್ ಹೋಸ್ಟ್‌ನೇಮ್ ಫಾಲ್ಸ್ ಅಂತ ಇರುತ್ತದೆ, ಟ್ರೂ ಮಾಡಿ. ಹೋಸ್ಟ್ಸ್ ಫೈಲಿನ ಮೇಲ್ಭಾಗದ ಕಾಮೆಂಟ್ ಓದಿ. ಮ್ಯಾನೇಜ್ ಇಟಿಸಿ ಹೋಸ್ಟ್ಸ್ ಆನ್ ಇದೆ, ಈ ಫೈಲನ್ನಲ್ಲ ಟೆಂಪ್ಲೇಟನ್ನ ತಿದ್ದಿ ಅಂತ ಅಲ್ಲೇ ಬರೆದಿರುತ್ತದೆ. ಎಷ್ಟೋ ಜನ ಅದನ್ನ ದಾಟಿ ಕೆಳಗೆ ಹೋಗಿ ತಿದ್ದುತ್ತಾರೆ.

ಡಬ್ಲಿನ್ ಕನ್ನಡಿಗ:
ಫ್ರೀಬಿಎಸ್‌ಡಿ ಬಳಸುವವರು ಯಾರಾದರೂ ಹುಡುಕಿಕೊಂಡು ಬಂದರೆ ಇರಲಿ ಅಂತ: ಅಲ್ಲಿ ಹೋಸ್ಟ್‌ನೇಮ್‌ಸಿಟಿಎಲ್ ಇಲ್ಲ. ಆರ್‌ಸಿ ಡಾಟ್ ಕಾನ್ಫ್ ಫೈಲಿನಲ್ಲಿ ಹೋಸ್ಟ್‌ನೇಮ್ ಸಾಲು, ಸಿಸ್‌ಆರ್‌ಸಿ ಕಮಾಂಡಿನಿಂದಲೂ ಹಾಕಬಹುದು. ಓಪನ್‌ಬಿಎಸ್‌ಡಿಯಲ್ಲಿ ಇಟಿಸಿಯ ಮೈನೇಮ್ ಫೈಲ್. ರಾಕಿ, ಅಲ್ಮಾ ಲಿನಕ್ಸ್‌ನಲ್ಲಿ ಡೆಬಿಯನ್‌ನಂತೆಯೇ.

ವರ್ಚುವಲ್ ಮಷಿನ್‌ಗಳನ್ನ ನಡೆಸುವ ಪ್ರಾಕ್ಸ್‌ಮಾಕ್ಸ್ ಇದ್ದವರು ಮಾತ್ರ ದಯವಿಟ್ಟು ಹುಷಾರು. ಅದರಲ್ಲಿ ವರ್ಚುವಲ್ ಮಷಿನ್‌ಗಳ ಕಾನ್ಫಿಗ್ ಎಲ್ಲ ನೋಡ್ ಹೆಸರಿನ ಫೋಲ್ಡರಿನೊಳಗೆ ಇರುತ್ತವೆ. ಹೆಸರು ಬದಲಿಸಿದರೆ ಪಟ್ಟಿಯಿಂದ ಎಲ್ಲ ಮಾಯ. ಅಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಹೆಸರು ಯೋಚಿಸಿ ಇಡಬೇಕು. ಮತ್ತೆ ಆ ಹೆಸರು ನಿಜವಾದ ಐಪಿಗೇ ಹೋಗಬೇಕು, 127ರಿಂದ ಶುರುವಾಗುವುದಕ್ಕಲ್ಲ.

ಗದಗ ಪ್ರೆಸ್:
ಇಷ್ಟು ಜನ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗ್ರೆಪ್ ಮಾಡುತ್ತಿದ್ದೇನೆ. ಇನ್ನೊಂದು ಪ್ರಶ್ನೆ. ಹೆಸರು ಏನು ಇಡಲಿ? ಡಿಸೈನ್ ಸರ್ವರ್, ಲೆಕ್ಕ ಸರ್ವರ್ ಅಂತ ಇಡೋಣ ಅಂದುಕೊಂಡಿದ್ದೆ, ಮಧ್ಯೆ ಅಂಡರ್‌ಸ್ಕೋರ್ ಹಾಕಿ.

ಮೈಸೂರು ಶೆಲ್:
ಅಂಡರ್‌ಸ್ಕೋರ್ ಬೇಡ. ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಇಷ್ಟೇ. ಹೈಫನ್ ಮೊದಲಿಗೂ ಕೊನೆಗೂ ಬರಬಾರದು. ಡಿಎನ್‌ಎಸ್‌ನಲ್ಲಿ ಡಾಟ್‌ಗಳ ನಡುವಿನ ಒಂದು ತುಂಡಿಗೆ 63 ಅಕ್ಷರದ ಮಿತಿ, ಲಿನಕ್ಸ್ ಕರ್ನಲ್‌ನಲ್ಲಿ ಪೂರ್ತಿ ಹೆಸರಿಗೆ 64. ಅಷ್ಟು ಉದ್ದ ಯಾರಿಗೂ ಬೇಡ ಬಿಡಿ. ದೊಡ್ಡಕ್ಷರ ಬೇಡ, ಎಲ್ಲ ಚಿಕ್ಕಕ್ಷರದಲ್ಲಿ ಇಡಿ.

ಪೂರ್ತಿ ಹೆಸರಿಗೆ ಕೊನೆಯಲ್ಲಿ ಡಾಟ್ ಲೋಕಲ್ ಅಂತ ಹಾಕಬೇಡಿ. 2013ರಲ್ಲಿ ಬಂದ ಆರ್‌ಎಫ್‌ಸಿ 6762 (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಪ್ರಕಾರ ಅದು ಡಿಎನ್‌ಎಸ್ ಸರ್ವರ್ ಇಲ್ಲದೆ ಮಷಿನ್‌ಗಳು ತಮ್ಮಲ್ಲೇ ಹೆಸರು ಹುಡುಕಿಕೊಳ್ಳುವ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು, ಲಿನಕ್ಸ್‌ನ ಅವಾಹಿ ಬಳಸುವುದು ಅದನ್ನೇ. ಒಳಗಿನ ನೆಟ್‌ವರ್ಕಿಗೆ ಡಾಟ್ ಇಂಟರ್ನಲ್ ಬಳಸಿ, ಖಾಸಗಿ ಬಳಕೆಗೆ ಅಂತಲೇ 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನ ನೋಡಿಕೊಳ್ಳುವ ಸಂಸ್ಥೆ ಐಕಾನ್ ಅದನ್ನ ಎತ್ತಿಟ್ಟಿದೆ. ಹೊರಗಿನ ಯಾರಿಗೂ ಅದು ಸಿಗೋದಿಲ್ಲ.

ತೀರ್ಥಹಳ್ಳಿ ಮಳೆ:
ಮಷಿನ್ ಮಾಡುವ ಕೆಲಸವನ್ನ ಹೆಸರಾಗಿ ಇಡಬೇಡಿ ಸರ್. ಕೆಲಸ ಬದಲಾಗುತ್ತದೆ, ಹೆಸರು ಉಳಿಯುತ್ತದೆ. ಎರಡು ವರ್ಷ ಬಿಟ್ಟು ಲೆಕ್ಕ ಸರ್ವರಿನಲ್ಲಿ ಡಿಸೈನ್ ಇರುತ್ತದೆ, ಹೊಸದಾಗಿ ಬಂದ ಹುಡುಗ ಹೆಸರು ನಂಬಿ ಏನೋ ಅಳಿಸುತ್ತಾನೆ.

ನಾನು ಮೊದಲು ನದಿ ಹೆಸರು ಇಡುತ್ತಿದ್ದೆ. ಮಲೆನಾಡಿನವಳು, ನದಿಗೇನು ಕಡಿಮೆ ಅಲ್ವಾ. ಅದರಲ್ಲಿ ಒಂದು ತೊಂದರೆ ಕಂಡೆ. ಕನ್ನಡದಲ್ಲಿ ತುಂಗಾ ಅಂದರೆ ಒಂದೇ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬ ಬರೀ ಟಿ ಹಾಕುತ್ತಾನೆ, ಇನ್ನೊಬ್ಬ ಟಿ ಎಚ್ ಹಾಕುತ್ತಾನೆ. ಶರಾವತಿ, ನೇತ್ರಾವತಿ ಕೇಳೋದೇ ಬೇಡ, ಆ ತಿ ಒಂದೇ ಸಾಕು. ಕಾವೇರಿಗೆ ಕೆ ಇಂದ ಬರೆಯುವವರೂ ಇದ್ದಾರೆ, ಬ್ರಿಟಿಷರ ಕಾಲದ ಸಿ ಎ ಯು ಇಂದ ಬರೆಯುವವರೂ ಇದ್ದಾರೆ. ಕಾಳಿ ನದಿ ಹೆಸರಿಟ್ಟರೆ ಕಾಳಿ ಲಿನಕ್ಸ್ ಹಾಕಿದ್ದೀರಾ ಅಂತ ಕೇಳುತ್ತಾರೆ. ನಮ್ಮ ಟೀಮಿನಲ್ಲಿ ಒಬ್ಬರು ಅರ್ಧ ರಾತ್ರಿ ಸರ್ವರ್ ಬಿದ್ದುಹೋಗಿದೆ ಅಂತ ಎಬ್ಬಿಸಿದರು. ನೋಡಿದರೆ ಅವರು ಶರಾವತಿಗೆ ಎಚ್ ಸೇರಿಸಿ ಟೈಪ್ ಮಾಡಿದ್ದರು.

1990ರಲ್ಲೇ ಆರ್‌ಎಫ್‌ಸಿ 1178ರಲ್ಲಿ, ಕಂಪ್ಯೂಟರಿಗೆ ಹೆಸರಿಡುವ ಬಗ್ಗೆ ಹೇಳುತ್ತಾ, ಎರಡು ಥರ ಸ್ಪೆಲಿಂಗ್ ಇರುವ ಹೆಸರು ಬೇಡ ಅಂದಿದ್ದಾರೆ. ನಮಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ, ಯಾಕಂದ್ರೆ ನಮ್ಮ ಪದಗಳು ಮಷಿನ್ ಒಳಗೆ ಹೋಗುವಾಗ ಬೇರೆ ಲಿಪಿ ತೊಟ್ಟುಕೊಂಡು ಹೋಗುತ್ತವೆ. ಈಗ ನಾನು ಮಾಡುವ ಪರೀಕ್ಷೆ ಇಷ್ಟೇ. ಹೆಸರನ್ನ ಫೋನಿನಲ್ಲಿ ಕನ್ನಡದಲ್ಲಿ ಹೇಳಿ, ಆ ಕಡೆಯವರಿಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಿ ಅನ್ನಿ. ಮೂರು ಜನ ಒಂದೇ ಥರ ಬರೆದರೆ ಆ ಹೆಸರು ಪಾಸ್. ಮಹಾಪ್ರಾಣ, ತ ದ, ದೀರ್ಘ ಇಲ್ಲದ ಚಿಕ್ಕ ಪದ ಹುಡುಕಿ. ಮರಗಳ ಹೆಸರು ಚೆನ್ನಾಗಿ ಕೂರುತ್ತವೆ.

ಕ್ಲೌಡ್ ಹೊಸಬ:
ಪ್ರಿಸರ್ವ್ ಟ್ರೂ ಮಾಡಿ, ಟೆಂಪ್ಲೇಟ್ ತಿದ್ದಿದೆ. ಎರಡು ಸಲ ರೀಬೂಟ್ ಮಾಡಿದೆ, ಹೆಸರು ಹಾಗೇ ಇದೆ. ಥ್ಯಾಂಕ್ಸ್. ಆದರೆ ಹೆಸರಿನ ವಿಷಯದಲ್ಲಿ ಅಕ್ಕನ ಮಾತು ಪೂರ್ತಿ ಒಪ್ಪಲಾರೆ. ನಲವತ್ತು ಮಷಿನ್ ಇದ್ದು, ದಿನಾ ಹುಟ್ಟಿ ದಿನಾ ಹೋಗುತ್ತಿದ್ದರೆ ವೆಬ್ 01, ವೆಬ್ 02 ಅಂತ ಇಡೋದೇ ಸರಿ ಅಲ್ವಾ?

ತೀರ್ಥಹಳ್ಳಿ ಮಳೆ:
ಅಲ್ಲಿ ಸರಿ, ಒಪ್ಪುತ್ತೇನೆ. ಅಂಥ ಮಷಿನ್ ಕೆಲಸ ಮುಗಿದರೆ ಅಳಿಸಿ ಹೊಸದು ಮಾಡುತ್ತೀರಿ, ಅದರ ಕೆಲಸ ಬದಲಾಗೋದೇ ಇಲ್ಲ. ಮೂಲೆಯಲ್ಲಿ ಕೂತು ಏಳೆಂಟು ವರ್ಷ ದುಡಿಯುವ ಮಷಿನಿಗೆ ನಾನು ಹೇಳಿದ್ದು.

ಹುಬ್ಬಳ್ಳಿ ಲ್ಯಾಬ್:
ಕನ್ನಡದಲ್ಲೇ ಹೆಸರು ಇಡಬೇಕು ಅಂತ ಆಸೆ ಇದ್ದವರಿಗೆ ಒಂದು ಜಾಗ ಇದೆ. ಲಿನಕ್ಸ್ ಬೂಟ್ ಮಾಡಿ ಸರ್ವಿಸ್‌ಗಳನ್ನ ನಡೆಸುವ ಸಿಸ್ಟಂಡಿಯಲ್ಲಿ ಸ್ಟ್ಯಾಟಿಕ್, ಟ್ರಾನ್ಸಿಯೆಂಟ್, ಪ್ರೆಟಿ ಅಂತ ಮೂರು ಥರ ಹೋಸ್ಟ್‌ನೇಮ್ ಇವೆ. ಪ್ರೆಟಿ ಅನ್ನೋದು ಜನರಿಗೆ ತೋರಿಸೋಕೆ ಮಾತ್ರ, ಅದರಲ್ಲಿ ಯೂನಿಕೋಡ್ ನಡೆಯುತ್ತದೆ, ಸ್ಪೇಸ್ ನಡೆಯುತ್ತದೆ. ಹೋಸ್ಟ್‌ನೇಮ್‌ಸಿಟಿಎಲ್ ಸೆಟ್ ಹೋಸ್ಟ್‌ನೇಮ್ ಜೊತೆಗೆ ಹೈಫನ್ ಹೈಫನ್ ಪ್ರೆಟಿ ಹಾಕಿ, ಕೋಟ್ಸ್ ಒಳಗೆ ಕನ್ನಡದಲ್ಲಿ ಬರೆಯಿರಿ. ಇಟಿಸಿಯ ಮಷಿನ್ ಇನ್‌ಫೋ ಫೈಲಿನಲ್ಲಿ ಉಳಿಯುತ್ತದೆ. ಆ ಪ್ರೆಟಿ ಆಪ್ಷನ್ ಮರೆಯಬೇಡಿ. ಮಾನಿಟರ್ ಹಚ್ಚಿದ ಕಪ್ಪು ಕನ್ಸೋಲ್‌ನಲ್ಲಿ ಕನ್ನಡ ಮೂಡೋದಿಲ್ಲ, ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿ ನೋಡಿ. ನಮ್ಮ ಲ್ಯಾಬಿನ ಮಷಿನ್ ಮೇಲೆ ಹಾಗೆ ಹಾಕಿದ್ದೇನೆ. ಲಾಗಿನ್ ಆಗಿ ವಿವರ ನೋಡಿದಾಗ ಕನ್ನಡ ಕಂಡರೆ ಹುಡುಗರಿಗೆ ಖುಷಿ.

ಬ್ಯಾಕಪ್ ಸ್ಕ್ರಿಪ್ಟನ್ನೂ ಹಾಗೇ ಬಿಡಬೇಡಿ. ಎರಡು ಹೆಸರು ಬೇರೆ ಆದರೂ ನಾಳೆ ಮೂರನೇ ಕ್ಲೋನ್ ಬರಬಹುದು. ಬ್ಯಾಕಪ್ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲ್ ಇಡಿ, ಅದರಲ್ಲಿ ಆ ಮಷಿನಿನ ಮಷಿನ್ ಐಡಿ ಬರೆದಿರಲಿ. ಸ್ಕ್ರಿಪ್ಟ್ ಶುರುವಾದ ಕೂಡಲೇ ತನ್ನ ಐಡಿ, ಆ ಫೈಲಿನ ಐಡಿ ಹೊಂದುತ್ತಾ ನೋಡಲಿ. ಹೊಂದದಿದ್ದರೆ ಒಂದು ಬೈಟ್ ಕೂಡ ಬರೆಯದೆ ನಿಲ್ಲಲಿ. ಆ ಫೈಲನ್ನ ಆರ್‌ಸಿಂಕ್ ಅಳಿಸದಂತೆ ಎಕ್ಸ್‌ಕ್ಲೂಡ್‌ನಲ್ಲಿ ಸೇರಿಸಿ. ಮತ್ತೆ ತಿಂಗಳಿಗೆ ಒಮ್ಮೆಯಾದರೂ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆದು ತೆರೆದು ನೋಡಿ.

ಗದಗ ಪ್ರೆಸ್:
ಭಾನುವಾರ ಪ್ರೆಸ್ ರಜೆ ಇತ್ತು, ಕೂತು ಮುಗಿಸಿದೆ. ಫೋನಿನ ಪರೀಕ್ಷೆ ಮಾಡಿದೆ. ಬನಶಂಕರಿ ಅಂತ ಇಡೋಕೆ ಹೋಗಿ ಮೂವರು ಮೂರು ಥರ ಬರೆದರು. ಹೊಂಗೆ, ಬೇವು ಎರಡೂ ಪಾಸಾದವು. ಡಿಸೈನ್ ಇರುವುದು ಹೊಂಗೆ, ಲೆಕ್ಕ ಇರುವುದು ಬೇವು.

ಗ್ರೆಪ್ ಮಾಡಿದ್ದು ಒಳ್ಳೇದಾಯಿತು. ಬ್ಯಾಕಪ್ ಸ್ಕ್ರಿಪ್ಟ್ ಬಿಟ್ಟು, ಇನ್ನೆರಡು ಕ್ರಾನ್ ಸಾಲಿನಲ್ಲಿ ಹಳೇ ಹೆಸರು ಸಿಕ್ಕಿತು, ಒಂದು ನಾನೇ ಬರೆದು ಮರೆತದ್ದು. ಬೇವಿನಲ್ಲಿ ಮಷಿನ್ ಐಡಿ, ಎಸ್‌ಎಸ್‌ಎಚ್ ಕೀ ಎರಡೂ ಹೊಸದು ಮಾಡಿದೆ. ಲ್ಯಾಪ್‌ಟಾಪ್‌ನಿಂದ ಲಾಗಿನ್ ಆದಾಗ ಕೀ ಬದಲಾಗಿದೆ ಅಂತ ದೊಡ್ಡ ಎಚ್ಚರಿಕೆ ಬಂತು, ಮೊದಲೇ ಗೊತ್ತಿದ್ದರಿಂದ ಗಾಬರಿ ಆಗಲಿಲ್ಲ, ನೋನ್ ಹೋಸ್ಟ್ಸ್ ಫೈಲಿನಿಂದ ಹಳೇ ಕೀ ತೆಗೆದೆ. ಹೊಂಗೆಯಲ್ಲಿ ಏಲಿಯಾಸ್ ಹಾಕಿದ್ದೇನೆ, ಸೋಮವಾರ ಬೆಳಿಗ್ಗೆ ಎಲ್ಲರ ಡ್ರೈವೂ ಎಂದಿನಂತೆ ತೆರೆಯಿತು. ಸುಡೊ ಎಚ್ಚರಿಕೆ ಇಲ್ಲ.

ಇವತ್ತು ಬ್ಯಾಕಪ್ ಡಿಸ್ಕ್ ತೆಗೆದು ನೋಡಿದೆ. ಎರಡು ಫೋಲ್ಡರ್ ಇವೆ, ಎರಡರಲ್ಲೂ ಐಡಿ ಫೈಲ್ ಇದೆ. ಹೊಂಗೆಯ ಫೋಲ್ಡರಿನಿಂದ ನಿನ್ನೆ ಮಾಡಿದ ಒಂದು ಲಗ್ನಪತ್ರಿಕೆ ತೆಗೆದು ತೆರೆದೆ. ಬಂತು.

ಎರಡೂ ಡಬ್ಬಿಯ ಮೇಲೆ ಹೆಸರು ಪ್ರಿಂಟ್ ಮಾಡಿ ಅಂಟಿಸಿದ್ದೇನೆ, ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಟೈಪ್ ಮಾಡಬೇಕಾದ ಇಂಗ್ಲಿಷ್ ಸ್ಪೆಲಿಂಗ್.